ಚಿಕ್ಕ ಖರೀದಿ ಮಾಡಿದರೆ ವಿಮಾನದ ಮೈಲ್ಸ್ ಎಕ್ಸ್‌ಪೈರ್ ಆಗುವುದಿಲ್ಲವೇ?

ವರ್ಷಕ್ಕೊಮ್ಮೆ ಏನಾದರೊಂದು ಚಿಕ್ಕ ಖರೀದಿ ಮಾಡುತ್ತಿದ್ದರೆ ವಿಮಾನ ಕಂಪನಿಯ ಮೈಲ್ಸ್ ಯಾವತ್ತೂ ಎಕ್ಸ್‌ಪೈರ್ ಆಗುವುದಿಲ್ಲ ಎನ್ನುವ ಸಲಹೆ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಇದು ಪೂರ್ತಿ ಸುಳ್ಳಲ್ಲ. ಆದರೆ ಕೆಲವು ಕಂಪನಿಗಳ ಮಟ್ಟಿಗೆ ಮಾತ್ರ ನಿಜ. ನಿಮ್ಮದು ಯಾವ ಕಂಪನಿ ಎಂದು ನೋಡದೆ ಇದನ್ನು ನಂಬಿ ಕೂತರೆ ಕೂಡಿಟ್ಟದ್ದು ಒಂದು ದಿನ ಸೊನ್ನೆಯಾಗಿರುತ್ತದೆ.

ಮೈಲ್ಸ್ ಎಕ್ಸ್‌ಪೈರ್ ಆಗುವುದರಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಖಾತೆ ಸುಮ್ಮನೆ ಬಿದ್ದಿರಬಾರದು, ಅಷ್ಟೇ. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ 24 ತಿಂಗಳು, ಬ್ರಿಟಿಷ್ ಏರ್‌ವೇಸ್‌ನಲ್ಲಿ 36 ತಿಂಗಳು ಖಾತೆಯಲ್ಲಿ ಯಾವ ಜಮೆಯೂ ಖರ್ಚೂ ಇಲ್ಲದಿದ್ದರೆ ಎಲ್ಲವೂ ಹೋಗುತ್ತದೆ. ಇದಕ್ಕೆ ವಿಮಾನವನ್ನೇ ಹತ್ತಬೇಕೆಂದಿಲ್ಲ. ಆ ಕಂಪನಿಯೊಂದಿಗೆ ಒಪ್ಪಂದವಿರುವ ಹೋಟೆಲಿನಲ್ಲಿ ಉಳಿದು ಒಂದಷ್ಟು ಮೈಲ್ಸ್ ಜಮೆಯಾದರೂ ಸಾಕು, ಲೆಕ್ಕ ಮತ್ತೆ ಮೊದಲಿನಿಂದ ಶುರು. ಫಾರ್ವರ್ಡ್ ಸರಿಯಾಗುವುದು ಇಲ್ಲಿ.

ಎರಡನೆಯ ಬಗೆಯಲ್ಲಿ ಪ್ರತಿ ಮೈಲಿಗೂ ಹುಟ್ಟುವಾಗಲೇ ಕೊನೆಯ ದಿನಾಂಕ ಬರೆದಿರುತ್ತದೆ, ಔಷಧದ ಸ್ಟ್ರಿಪ್ ಮೇಲೆ ಇರುವ ಹಾಗೆ. ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್‌ನಲ್ಲಿ ಮೂರು ವರ್ಷ. ಎಮಿರೇಟ್ಸ್‌ನಲ್ಲೂ ಮೂರು ವರ್ಷದ ಅವಧಿ, ಆದರೆ ಅದು ಮುಗಿಯುವುದು ಸದಸ್ಯರು ಹುಟ್ಟಿದ ತಿಂಗಳ ಕೊನೆಗೆ. ಇಲ್ಲಿ ನೀವು ಇವತ್ತು ಖರೀದಿ ಮಾಡಿದರೆ ಹೊಸದಾಗಿ ಬಂದ ಮೈಲ್ಸ್‌ಗೆ ಮಾತ್ರ ಹೊಸ ಅವಧಿ ಸಿಗುತ್ತದೆ. ಹಳೆಯವು ತಮ್ಮ ದಿನಕ್ಕೆ ಸರಿಯಾಗಿ ಹೋಗುತ್ತವೆ. ಕ್ರಿಸ್‌ಫ್ಲೈಯರ್‌ನಲ್ಲಿ ಶುಲ್ಕ ಕಟ್ಟಿ ಆರು ತಿಂಗಳು ಮುಂದೂಡಬಹುದು, ಆದರೆ ಅವಧಿ ಮುಗಿಯುವ ಮುನ್ನ.

ಬೆಂಗಳೂರಿನಿಂದ ಅಮೆರಿಕಕ್ಕೆ ಮಕ್ಕಳ ಮನೆಗೆ ಹೋಗಿಬರುವ ತಂದೆತಾಯಿಗೆ ಈ ಎರಡನೆಯ ಬಗೆಯಿಂದಲೇ ಹೆಚ್ಚು ನಷ್ಟ. ದುಬೈ ಅಥವಾ ಸಿಂಗಪುರದ ಮೂಲಕ ಒಮ್ಮೆ ಹೋಗಿ ಬಂದರೆ ದೂರದ ಪ್ರಯಾಣವಾದ್ದರಿಂದ ಮೈಲ್ಸ್ ಚೆನ್ನಾಗಿ ಸೇರುತ್ತವೆ. ಮುಂದಿನ ಪ್ರಯಾಣ ಮೂರ್ನಾಲ್ಕು ವರ್ಷದ ಮೇಲೆ, ಅಷ್ಟರಲ್ಲಿ ಅವು ಇರುವುದಿಲ್ಲ. ಪ್ರಯಾಣವನ್ನೇ ಅವಧಿಯೊಳಗೆ ಮುಗಿಸಬೇಕೆಂದಿಲ್ಲ. ಸಾಮಾನ್ಯವಾಗಿ ಟಿಕೆಟ್ ಬುಕ್ ಮಾಡುವ ದಿನ ಮೈಲ್ಸ್ ಜೀವಂತವಾಗಿದ್ದರೆ ಸಾಕು, ಹೊರಡುವುದು ತಿಂಗಳುಗಳ ನಂತರವೂ ಆಗಬಹುದು. ಆದರೆ ಆ ಟಿಕೆಟ್ ರದ್ದು ಮಾಡಿದರೆ ಅವಧಿ ಮೀರಿದ ಮೈಲ್ಸ್ ವಾಪಸ್ ಬರುವುದನ್ನು ನಿರೀಕ್ಷಿಸಬೇಡಿ.

ಡೆಲ್ಟಾ, ಯುನೈಟೆಡ್ ಕಂಪನಿಗಳ ಮೈಲ್ಸ್‌ಗೆ ಎಕ್ಸ್‌ಪೈರಿಯೇ ಇಲ್ಲ. ಹಾಗೆಂದು ಬಚ್ಚಿಟ್ಟುಕೊಳ್ಳುವುದು ಜಾಣತನವೆಂದು ನಮಗನ್ನಿಸುವುದಿಲ್ಲ. ಒಂದು ಟಿಕೆಟ್‌ಗೆ ಎಷ್ಟು ಮೈಲ್ಸ್ ಬೇಕು ಎನ್ನುವುದನ್ನು ಕಂಪನಿ ಯಾವಾಗ ಬೇಕಾದರೂ ಏರಿಸಬಹುದು, ಬಡ್ಡಿಯಂತೂ ಬರುವುದಿಲ್ಲ. ಕಂಪನಿಯೇ ಮುಚ್ಚಿದರೆ? 2012ರಲ್ಲಿ ಕಿಂಗ್‌ಫಿಷರ್ ಹಾರಾಟ ನಿಲ್ಲಿಸಿದಾಗ ಅದರ ಪಾಯಿಂಟ್‌ಗಳೂ ಬೆಲೆ ಕಳೆದುಕೊಂಡವು. 2019ರಲ್ಲಿ ಜೆಟ್ ಏರ್‌ವೇಸ್ ನಿಂತಾಗ ಮಾತ್ರ ಪಾಯಿಂಟ್ಸ್ ಉಳಿದವು, ಏಕೆಂದರೆ ಆ ಯೋಜನೆ ಬೇರೊಂದು ಕಂಪನಿಯ ಹೆಸರಿನಲ್ಲಿತ್ತು. ಅದೇ ಮುಂದೆ ಇಂಟರ್‌ಮೈಲ್ಸ್ ಆಯಿತು.

ಕಂಪನಿಗಳು ಅವಧಿ ಇಡುವುದಾದರೂ ಏಕೆ? ನಿಮ್ಮ ಖಾತೆಯಲ್ಲಿರುವ ಮೈಲ್ಸ್ ಅವರ ಲೆಕ್ಕಪುಸ್ತಕದಲ್ಲಿ ತೀರಿಸಬೇಕಾದ ಬಾಕಿ. ನೀವು ಮರೆತರೆ ಬಾಕಿ ಇಳಿಯಿತು.

ಇನ್ನು, ಖಾತೆಯಲ್ಲಿರುವುದು ಐನೂರೋ ಆರುನೂರೋ ಮೈಲ್ಸ್ ಆಗಿದ್ದರೆ ಅದನ್ನು ಉಳಿಸಲು ಬೇಡದ ವಸ್ತು ಕೊಳ್ಳುವುದು ಶುದ್ಧ ನಷ್ಟ.

ಇದೇ ಎಕ್ಸ್‌ಪೈರಿ ಭಯವನ್ನು ವಂಚಕರೂ ಚೆನ್ನಾಗಿ ಬಳಸುತ್ತಾರೆ. ನಿಮ್ಮ ಪಾಯಿಂಟ್ಸ್ ಇವತ್ತು ರಾತ್ರಿಗೆ ಮುಗಿಯುತ್ತವೆ, ಈ ಆ್ಯಪ್ ಹಾಕಿಕೊಳ್ಳಿ ಎನ್ನುವ ಸಂದೇಶಗಳು ಸ್ಟೇಟ್ ಬ್ಯಾಂಕ್ ಹೆಸರಿನಲ್ಲಿ ಹರಿದಾಡಿದಾಗ ಕೇಂದ್ರ ಸರ್ಕಾರದ ಪಿಐಬಿ ಫ್ಯಾಕ್ಟ್ ಚೆಕ್ ವಿಭಾಗ ಅದು ನಕಲಿ ಎಂದು ಎಚ್ಚರಿಸಿತ್ತು. ವಿಮಾನ ಕಂಪನಿಯ ಹೆಸರಿನಲ್ಲಿ ಅಂಥದ್ದು ಬಂದರೂ ಲಿಂಕ್ ಒತ್ತಬೇಡಿ, ಎಪಿಕೆ ಫೈಲ್ ಇನ್‌ಸ್ಟಾಲ್ ಮಾಡಬೇಡಿ, ಒಟಿಪಿ ಹೇಳಬೇಡಿ. ಕಂಪನಿಯ ಆ್ಯಪ್ ಅಥವಾ ವೆಬ್‌ಸೈಟನ್ನು ನೀವೇ ತೆರೆದು ಲಾಗಿನ್ ಆದರೆ ನಿಜವಾದ ಕೊನೆಯ ದಿನಾಂಕ ಅಲ್ಲೇ ಕಾಣುತ್ತದೆ. ಈಗಾಗಲೇ ಒತ್ತಿ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ. ಬ್ಯಾಂಕಿಗೂ ಆಗಲೇ ತಿಳಿಸಿ.