ಜೀನು ಹಣೆಬರಹವಲ್ಲ

ನಮ್ಮಲ್ಲಿ ವಿಜ್ಞಾನದ ಬಗ್ಗೆ ಬರೆಯುವವರಿಗೆ ಒಂದು ಚಟವಿದೆ. ಡಿಎನ್‌ಎ ಎಂದ ಕೂಡಲೇ ‘ಹಣೆಬರಹ’ ಎನ್ನುತ್ತಾರೆ. ಓದುಗರಿಗೆ ಸುಲಭವಾಗಲಿ ಎಂಬುದು ಅವರ ಸಮಜಾಯಿಷಿ. ನರಕೋಶಗಳ ಬೆಳವಣಿಗೆಯ ಮೇಲೆ ಪಿಎಚ್‌ಡಿ ಮಾಡುತ್ತಿರುವ ನನಗೆ ಈ ಸುಲಭದ ಮೇಲೆಯೇ ತಕರಾರು.

ನಮ್ಮ ಚರ್ಮದ ಕೋಶದಲ್ಲೂ ಮಿದುಳಿನ ಕೋಶದಲ್ಲೂ ಇರುವ ಬರಹ ಹೆಚ್ಚುಕಡಿಮೆ ಒಂದೇ. ಬೇರೆಯಾಗುವುದು ಓದು. ಗಮಕಿ ಎತ್ತಿಕೊಂಡ ಪದ್ಯಗಳ ಮೇಲೆ ಅದೇ ಭಾರತ ಒಂದು ಸಂಜೆ ಯುದ್ಧವಾಗುತ್ತದೆ, ಇನ್ನೊಂದು ಸಂಜೆ ಶೋಕವಾಗುತ್ತದೆ. ಕೋಶದಲ್ಲಿ ಈ ಆಯ್ಕೆ ಮಾಡುವುದು ಡಿಎನ್‌ಎಗೆ ಅಂಟಿಕೊಳ್ಳುವ ಕೆಲವು ಪ್ರೋಟೀನುಗಳು. 1995ರಲ್ಲಿ ಗುರುತಿಸಲಾದ ರೆಸ್ಟ್ ಎಂಬ ಪ್ರೋಟೀನು ನರಕೋಶವಲ್ಲದ ಕೋಶಗಳಲ್ಲಿ ನರಕೋಶದ ಅನೇಕ ಜೀನುಗಳ ಬಾಯಿ ಮುಚ್ಚಿಸುತ್ತದೆ. ಕೋಶ ನರಕೋಶವಾಗಬೇಕಾದರೆ ಆ ಹಿಡಿತ ಸಡಿಲಬೇಕು. 2010ರಲ್ಲಿ ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು ಇಲಿಯ ಬಾಲದ ತುದಿಯ ಕೋಶಗಳಲ್ಲಿ ಇಂಥ ಮೂರು ನಿಯಂತ್ರಕ ಪ್ರೋಟೀನುಗಳು ತಯಾರಾಗುವಂತೆ ಮಾಡಿ, ಅವುಗಳನ್ನು ನರಕೋಶಗಳನ್ನಾಗಿಸಿದರು. ಹೊಸ ಓದುಗರು ಬಂದರು, ಹಳೆಯ ಪುಸ್ತಕದಲ್ಲೇ ಬೇರೆ ಅಧ್ಯಾಯ ತೆರೆಯಿತು.

ಬರಹದಲ್ಲೇ ತಪ್ಪಿದ್ದರೆ ಎಂದು ಕೇಳಬಹುದು. ರೆಟ್ ಸಿಂಡ್ರೋಮ್ ನೋಡಿ. ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ ಕಾಣುವ ಕಾಯಿಲೆ ಇದು. ಚೆನ್ನಾಗಿಯೇ ಬೆಳೆಯುತ್ತಿದ್ದಂತೆ ಕಂಡ ಮಗು ಕಲಿತ ಮಾತನ್ನೂ ಕೈಗಳ ಬಳಕೆಯನ್ನೂ ಕಳೆದುಕೊಳ್ಳತೊಡಗುತ್ತದೆ. ಮೆಕ್‌ಪಿ2 ಎಂಬ ನಿಯಂತ್ರಕ ಪ್ರೋಟೀನಿನ ಜೀನು ಕೆಡುವುದು ಇದರ ಮುಖ್ಯ ಕಾರಣವೆಂದು 1999ರಲ್ಲಿ ಗೊತ್ತಾಯಿತು. ಆದರೆ ಬಹುಪಾಲು ಮಕ್ಕಳಲ್ಲಿ ಈ ದೋಷ ವಂಶದಿಂದ ಬಂದದ್ದಲ್ಲ, ಹೊಸದಾಗಿ ಹುಟ್ಟಿದ್ದು. ಅದೂ ಹೆಚ್ಚಿನ ಸಲ ತಂದೆಯ ವೀರ್ಯಾಣುವಿನಲ್ಲಿ. ಮಾತು ಬಾರದ ಮಗುವಿನ ತಾಯಿಗೆ ‘ನಿನ್ನ ತವರಿನ ದೋಷ’ ಎನ್ನುವವರಿಗೆ ನಮ್ಮ ‘ಹಣೆಬರಹ’, ‘ವಂಶವಾಹಿ’ಗಳು ವಿಜ್ಞಾನದ ಮುದ್ರೆ ಒತ್ತಿಕೊಡುತ್ತವೆ.

2007ರಲ್ಲಿ ಎಡಿನ್‌ಬರೋದ ಏಡ್ರಿಯನ್ ಬರ್ಡ್ ಅವರ ತಂಡ, ಕಾಯಿಲೆ ಬಲಿತಿದ್ದ ಇಲಿಗಳಲ್ಲಿ ಆ ಜೀನನ್ನು ಮತ್ತೆ ಚಾಲೂ ಮಾಡಿತು. ಅವು ಚೇತರಿಸಿಕೊಂಡವು. ಇಲಿ ಮಗುವಲ್ಲ, ನಿಜ. ಈ ಪ್ರೋಟೀನು ಅತಿಯಾದರೂ ಮಿದುಳಿಗೆ ಕೇಡೇ. ಚಿಕಿತ್ಸೆ ಸುಲಭವೆಂದು ನಾನು ಹೇಳುತ್ತಿಲ್ಲ. ಆದರೆ ಹಣೆಬರಹವೆಂದು ನಂಬಿದವರು ಆ ಪ್ರಯೋಗಕ್ಕೆ ಕೈಯನ್ನೇ ಹಾಕುತ್ತಿರಲಿಲ್ಲ.

ಕನ್ನಡದಲ್ಲಿ ವಿಜ್ಞಾನ ಬರೆಯುವವರು ಮುಂದಿನ ಸಲ ಆ ಪದ ಬಳಸುವ ಮುನ್ನ, ಅದನ್ನು ಆ ತಾಯಿಯ ಎದುರು ಗಟ್ಟಿಯಾಗಿ ಓದಬಲ್ಲೆವೇ ಎಂದು ಕೇಳಿಕೊಳ್ಳಲಿ.