ನಾಲೆಯ ದಂಡೆ ಹಿಡಿದು ನವಲಿಗೆ

“ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಗಾದೆಯನ್ನು ಕಟ್ಟಿದ ಪುಣ್ಯಾತ್ಮನು ಎರಡು ಗಾಲಿಗಳುಳ್ಳವನು ಏನನ್ನು ನೋಡಬೇಕೆಂದು ಹೇಳದೆ ಹೋದನು. ಅವನ ಕಾಲಕ್ಕೆ ಸೈಕಲ್ಲು ಹುಟ್ಟಿರಲಿಲ್ಲ. ಹುಟ್ಟಿದ್ದರೆ ಅವನು ಹಂಪಿಗೂ ಕನಕಗಿರಿಗೂ ನಡುವಣ ಸೀಮೆಯನ್ನು, ಅದರಲ್ಲಿಯೂ ನವಲಿಯ ದಾರಿಯನ್ನು, ಮರೆಯುತ್ತಿರಲಿಲ್ಲವೆಂದು ತೋರುತ್ತದೆ.

ನವಲಿಯು ಕೊಪ್ಪಳ ಜಿಲ್ಲೆಯ ಒಂದು ಗ್ರಾಮ. ಹಿಂದೆ ಗಂಗಾವತಿ ತಾಲ್ಲೂಕಿಗೆ ಸೇರಿದ್ದುದು ಈಗ ಕನಕಗಿರಿ ತಾಲ್ಲೂಕಿನಲ್ಲಿದೆ. ಹಂಪಿಗೆ ಬಂದ ಪ್ರವಾಸಿಗಳು ಬಾಡಿಗೆಯ ಸೈಕಲ್ಲನ್ನೇರಿ ಆನೆಗೊಂದಿ, ಪಂಪಾಸರೋವರ, ಸಾಣಾಪುರಗಳವರೆಗೆ ಬಂದು ಹಿಂದಿರುಗುತ್ತಾರೆ. ಬಂಡೆಗಳ ಆ ಚೆಲುವಿಗೆ ಮನಸೋತವರಿಗೆ ಗಂಗಾವತಿಯಿಂದಾಚೆ ಹರಡಿಕೊಂಡಿರುವ ಬಯಲು ಸಪ್ಪೆಯಾಗಿ ಕಾಣುವುದು ಸಹಜ. ಆದರೆ ಸೈಕಲ್ ಸವಾರಿಯ ನಿಜವಾದ ಸುಖವಿರುವುದು ಬಯಲಿನಲ್ಲಿಯೇ.

ಡಾಂಬರು ಕಾಣದ ಗರಸು ದಾರಿಗಳಲ್ಲಿ ಬಹುದೂರ ಸೈಕಲ್ ತುಳಿಯುವುದು ಇತ್ತೀಚೆಗೆ ಹೊರದೇಶಗಳಲ್ಲಿ ದೊಡ್ಡ ಹವ್ಯಾಸವಾಗಿ ಬೆಳೆದಿದೆ. ಅಮೆರಿಕದ ಕ್ಯಾನ್ಸಾಸ್ ಪ್ರಾಂತದಲ್ಲಿ 2006ರಿಂದ ಇಂತಹ ಹಾದಿಗಳ ಮೇಲೆ 200 ಮೈಲಿಗಳ ಪಂದ್ಯವೊಂದು ನಡೆಯುತ್ತ ಬಂದಿದೆ. ಇಟಲಿಯ ಗಯೋಲೆ ಎಂಬ ಊರಿನಲ್ಲಿ 1997ರಲ್ಲಿ ಆರಂಭವಾದ ‘ಲೆರೋಯಿಕಾ’ ಸವಾರಿಯ ಉದ್ದೇಶಗಳಲ್ಲಿ ಅಲ್ಲಿಯ ಬಿಳಿಯ ಕಚ್ಚಾ ರಸ್ತೆಗಳನ್ನು ಡಾಂಬರಿನಿಂದ ಉಳಿಸಿಕೊಳ್ಳುವುದೂ ಒಂದು. ಇದಕ್ಕಾಗಿಯೇ ತಯಾರಾದ ಸೈಕಲ್ಲುಗಳು ನಮ್ಮ ಪೇಟೆಗಳಿಗೂ ಬಂದಿವೆ. ಕೆಲವುಗಳ ಬೆಲೆ ಲಕ್ಷವನ್ನು ದಾಟುತ್ತದೆ. ಅವುಗಳ ಹೆಗ್ಗಳಿಕೆಯೆಂದರೆ ಸುಮಾರು 40 ಮಿಲಿಮೀಟರ್ ಅಗಲದ ಟೈರು. ತಮಾಷೆಯ ಸಂಗತಿಯೇನೆಂದರೆ, ಹಾಲಿನವನೂ ಅಂಚೆಯವನೂ ತುಳಿಯುತ್ತ ಬಂದ ನಮ್ಮ ಹಳೆಯ ಕಪ್ಪು ಸೈಕಲ್ಲಿನ ಒಂದೂವರೆ ಅಂಗುಲದ ಟೈರಿನ ಅಗಲವೂ ಅಷ್ಟೆ! ಗರಸಿನ ದಾರಿಯ ಗುಟ್ಟನ್ನು ನಮ್ಮ ಹಳ್ಳಿಗರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಹೊಸದಾಗಿ ಹೊರಡುವವರು ನೆನಪಿಡಬೇಕಾದದ್ದು ಇಷ್ಟೇ: ಟೈರಿಗೆ ಗಾಳಿಯನ್ನು ಕಲ್ಲಿನಂತೆ ಬಿಗಿಯಾಗಿ ತುಂಬಬಾರದು. ತುಸು ಮೆತ್ತಗಿದ್ದರೆ ಗಾಲಿಯು ಹರಳುಗಳ ಮೇಲೆ ಪುಟಿಯದೆ ನೆಲವನ್ನು ಹಿಡಿದುಕೊಂಡು ಹೋಗುತ್ತದೆ.

ಗಂಗಾವತಿಯಿಂದ ನಸುಕಿನಲ್ಲಿ ಹೊರಟ ಸವಾರನು ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯ ದಂಡೆಯನ್ನು ಹಿಡಿದು ಕಾರಟಗಿಯ ಕಡೆಗೆ ಸಾಗುವುದು ಲೇಸು. ಕಾಲುವೆಯ ಪಕ್ಕದ ಹಾದಿಯು ನೀರಾವರಿ ಇಲಾಖೆಯವರ ತಪಾಸಣೆಗಾಗಿ ಇರುವಂಥದು. ಅವರ ಜೀಪು ಎದುರಾದರೆ ಇಳಿದು ದಾರಿ ಬಿಡುವುದು ಮರ್ಯಾದೆ. ನೀರು ತಾನಾಗಿ ಹರಿಯಬೇಕಾದ್ದರಿಂದ ಕಾಲುವೆಯನ್ನು ನೆಲದ ಏರುತಗ್ಗುಗಳನ್ನು ಬಳಸಿಕೊಂಡು, ಕಣ್ಣಿಗೆ ಕಾಣದಷ್ಟು ಇಳಿಜಾರಿನಲ್ಲಿ ತೋಡಿರುತ್ತಾರೆ. ಆದ್ದರಿಂದ ದಂಡೆಯ ಮೇಲೆ ಹೋಗುವವನಿಗೆ ದಿಬ್ಬವೆಂಬುದೇ ಇಲ್ಲ. ನೀರು ಹೋದತ್ತ ಅವನೂ ಹೋಗುತ್ತಾನೆ, ಹೆಚ್ಚುಕಡಿಮೆ ಅದರಷ್ಟೇ ನಿರಾಯಾಸವಾಗಿ.

ಹಾಗೆ ಹೋಗುವಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಬೇಕು. ಬಲಗಡೆ, ಅಂದರೆ ನದಿಯ ದಿಕ್ಕಿಗೆ, ಕಣ್ಣು ಹಾಯುವವರೆಗೂ ಬತ್ತ. ಎಡಗಡೆ, ಕಾಲುವೆಗಿಂತ ಎತ್ತರದಲ್ಲಿ, ಮಳೆಯನ್ನೇ ನಂಬಿದ ಹೊಲಗಳು: ಸಜ್ಜೆ, ತೊಗರಿ, ಅಲ್ಲಲ್ಲಿ ಜಾಲಿಯ ಪೊದೆ. ಎರಡು ಬೇರೆ ಬೇರೆ ನಾಡುಗಳನ್ನು ಒಂದು ನೀರಗೆರೆಯು ಬೇರ್ಪಡಿಸಿದೆ. ಅಣೆಕಟ್ಟಿಗೆ 1945ರಲ್ಲಿ ಹೈದರಾಬಾದ್ ಮತ್ತು ಮದರಾಸು ಸರಕಾರಗಳು ಕೂಡಿ ಅಡಿಗಲ್ಲು ಹಾಕಿದವು. 1953ರಲ್ಲಿ ನೀರು ನಿಂತಿತು. ಸುಮಾರು 227 ಕಿಲೋಮೀಟರ್ ಉದ್ದದ ಈ ಕಾಲುವೆಯು ರಾಯಚೂರಿನವರೆಗೆ ಆರು ಲಕ್ಷ ಎಕರೆಗಳಷ್ಟು ಭೂಮಿಗೆ ನೀರುಣಿಸಬೇಕೆಂಬುದು ಸಂಕಲ್ಪ. ಬರಗಾಲದ ಸೀಮೆಯಲ್ಲಿ ಜೋಳ, ಹತ್ತಿಗಳಂಥ ಅಲ್ಪ ನೀರಿನ ಬೆಳೆಗಳನ್ನು ಕಾಯುವುದಕ್ಕೆ ಹಾಕಿದ ಲೆಕ್ಕ ಅದು. ಆದರೆ ನೀರು ಬಂದೊಡನೆ ಕರಾವಳಿ ಆಂಧ್ರದಿಂದ ರೈತರು ಬಂದು ನೆಲ ಕೊಂಡು, ಮಟ್ಟ ಮಾಡಿ, ಬತ್ತ ನಾಟಿದರು. ಅವರು ಬೀಡುಬಿಟ್ಟ ‘ಕ್ಯಾಂಪು’ಗಳೇ ಇಂದು ತುಂಬಿದ ಊರುಗಳು; ಗಂಗಾವತಿಗೆ ಬತ್ತದ ಕಣಜವೆಂಬ ಹೆಸರು ಬಂದುದರಲ್ಲಿ ಅವರ ಬೆವರೂ ಉಂಟು. ಮೇಲಿನವರು ಬತ್ತಕ್ಕೆ ನೀರು ನಿಲ್ಲಿಸಿದರೆ ಕೊನೆಯಲ್ಲಿರುವ ಮಾನ್ವಿ, ರಾಯಚೂರುಗಳ ರೈತನಿಗೆ ಕಾಲುವೆಯ ತಳ ಮಾತ್ರ ಕಾಣುತ್ತದೆ. ಈ ಜಗಳಕ್ಕೂ ಕಾಲುವೆಯಷ್ಟೇ ವಯಸ್ಸು.

ಕಾರಟಗಿಯಲ್ಲಿ ಒಗ್ಗರಣೆ ಮಿರ್ಚಿ ತಿಂದು, ಚಹಾ ಕುಡಿದು, ಉತ್ತರಕ್ಕೆ ತಿರುಗಿದರೆ ನವಲಿಯ ದಾರಿ. ದೊಡ್ಡ ರಸ್ತೆಯನ್ನು ಬಿಟ್ಟು ಬಂಡಿ ಜಾಡುಗಳನ್ನು ಹಿಡಿದರೆ ಹಸಿರು ಹಿಂದೆ ಸರಿದು ಕೆಂಪು ಮಸಾರಿಯೂ ಕಪ್ಪು ಎರೆಯೂ ಎದುರಾಗುತ್ತವೆ. ಎರೆಯ ನೆಲ ಮಳೆಗಾಲದಲ್ಲಿ ಗಾಲಿಗೆ ಅಂಟಿಕೊಂಡು, ಸವಾರನೇ ಸೈಕಲ್ಲನ್ನು ಹೊರಬೇಕಾಗುತ್ತದೆ.

ಈ ಒಣನೆಲದ ಮೇಲೆ ಈಗ ಮೂರು ರಾಜ್ಯಗಳ ಕಣ್ಣು ನೆಟ್ಟಿದೆ. ಅಣೆಕಟ್ಟಿನಲ್ಲಿ ಮೊದಲು 132 ಟಿಎಂಸಿಗೂ ಮಿಕ್ಕಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಅದು 105.78ಕ್ಕೆ ಇಳಿದಿದೆ. ಹೋದದ್ದು ಸುಮಾರು 27 ಟಿಎಂಸಿ. ಹೂಳನ್ನು ಎತ್ತಬಾರದೇಕೆ ಎಂದು ಕೇಳುವವರು ಒಂದು ಲೆಕ್ಕ ಹಾಕಿ ನೋಡಬಹುದು. ಒಂದು ಟಿಎಂಸಿ ಎಂದರೆ 2.83 ಕೋಟಿ ಘನಮೀಟರ್. ಒಂದು ಲಾರಿ 10 ಘನಮೀಟರ್ ಹೊರುವುದಾದರೆ, ದಿನಕ್ಕೆ ಸಾವಿರ ಲಾರಿಗಳಂತೆ ಬಿಡುವಿಲ್ಲದೆ ಸಾಗಿಸಿದರೂ ಇನ್ನೂರು ವರ್ಷ ಸಾಲದು; ಅಷ್ಟರಲ್ಲಿ ಹೊಸ ಹೂಳು ಬಂದಿರುತ್ತದೆ. ತಂದ ಮಣ್ಣನ್ನು ಸುರಿಯುವುದೆಲ್ಲಿ ಎಂಬ ಪ್ರಶ್ನೆ ಬೇರೆ. ಆದ್ದರಿಂದ ಮಳೆಗಾಲದಲ್ಲಿ ಸುಮ್ಮನೆ ಹರಿದುಹೋಗುವ ನೀರನ್ನು ತಂದು ನವಲಿಯ ಬಳಿ ಇನ್ನೊಂದು ಜಲಾಶಯದಲ್ಲಿ ನಿಲ್ಲಿಸಬೇಕೆಂಬ ಯೋಜನೆ ಹುಟ್ಟಿತು. ಇದಕ್ಕೆ ನೀರಿನಲ್ಲಿ ಪಾಲುಳ್ಳ ಆಂಧ್ರ, ತೆಲಂಗಾಣಗಳ ಒಪ್ಪಿಗೆ ಬೇಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ಒಂದು ವಾರ ಹೋರಾಡಿ ಹಲಗೆಗೇಟುಗಳನ್ನಿಳಿಸಿ ಆ ಕಂಡಿಯನ್ನು ಮುಚ್ಚುವಷ್ಟರಲ್ಲಿ ಅಪಾರ ನೀರು ಹರಿದುಹೋಗಿತ್ತು. ಆ ಬಳಿಕ ನವಲಿಯ ಹೆಸರು ರೈತರ ಬಾಯಲ್ಲಿ ಮತ್ತಷ್ಟು ಬಲವಾಗಿ ಕೇಳಿಬಂದುದು ಸಹಜವೇ.

ಕಾಲುವೆಯ ಕೊನೆಯ ರೈತನಿಗೆ ನವಲಿ ಒಂದು ಆಸೆ. ನವಲಿಯ ಸುತ್ತಲಿನ ರೈತನಿಗೆ ಅದು ಅಷ್ಟು ಸರಳವಲ್ಲ. ಎಪ್ಪತ್ತು ವರ್ಷ ಬಲಗಡೆಯ ಹಸಿರನ್ನು ನೋಡುತ್ತ ಎಡಗಡೆಯಲ್ಲಿ ಬದುಕಿದವನು ಅವನು. ಕೊನೆಗೆ ನೀರು ಅವನ ಹೊಲಕ್ಕೆ ಬರುವುದಾದರೆ ಹೊಲವನ್ನು ಉಣಿಸುವುದಕ್ಕಲ್ಲ, ಮುಳುಗಿಸುವುದಕ್ಕೆ. ಪರಿಹಾರದ ಹಣ ಎಷ್ಟೇ ಬರಲಿ, ಈ ವಿನೋದವನ್ನು ಸಹಿಸಿಕೊಳ್ಳಲು ಮನುಷ್ಯನಿಗೆ ದೊಡ್ಡ ಮನಸ್ಸು ಬೇಕು. ನಕಾಶೆ ಬಿಚ್ಚಿಕೊಂಡು ದಾರಿಯ ಮೇಲೆ ನಿಂತ ಸವಾರನನ್ನು ಯಾರಾದರೂ “ಸರ್ವೆ ಮಾಡಾಕ ಬಂದೀರೇನ್ರಿ?” ಎಂದು ಕೇಳಿದರೆ ಅಚ್ಚರಿಪಡಬೇಕಾಗಿಲ್ಲ. ನಕಾಶೆಯನ್ನು ಮಡಿಚಿಟ್ಟು, ಸೈಕಲ್ಲನ್ನು ತೋರಿಸಿ, ಭೋಗಾಪುರೇಶನ ದರ್ಶನಕ್ಕೆ ಬಂದುದಾಗಿ ಹೇಳಬಹುದು. ಅದು ಸುಳ್ಳಾಗದಂತೆ ಮಾಡಿಕೊಳ್ಳುವುದು ಅವನ ಕೈಯಲ್ಲಿದೆ: ಭೋಗಾಪುರೇಶನೆಂದರೆ ನವಲಿಯ ಹನುಮಂತದೇವರು, ದೂರದೂರದಿಂದ ಭಕ್ತರು ಬರುತ್ತಾರೆ. ಗುಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿ, ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಅರೆಗಳಿಗೆ ಕಣ್ಣುಮುಚ್ಚಬಹುದು.

ನವಲಿಯಿಂದ ಕನಕಗಿರಿಗೆ ಹೊರಟಾಗ ದಾರಿಯ ಬದಿಯ ಜಾಲಿಮುಳ್ಳು ಟ್ಯೂಬನ್ನು ಪರೀಕ್ಷಿಸದೆ ಬಿಡದು. ಎರಡು ಟ್ಯೂಬು, ಪಂಪು, ತೇಪೆಯ ಸಾಮಾನುಗಳಿಲ್ಲದೆ ಈ ಕಡೆಗೆ ಬರುವುದು ಸಾಹಸವಲ್ಲ, ಅವಿವೇಕ.

ಕನಕಗಿರಿ ನಾಯಕರ ರಾಜಧಾನಿ. ವಿಜಯನಗರದ ಸಾಮಂತರಾಗಿದ್ದ ಅವರು ಕನಕಾಚಲಪತಿಯ ಗುಡಿಯನ್ನು ಬೆಳೆಸಿದರು. ಅಗಲವಾದ ಮಂಟಪದ ಸಾಲುಗಂಬಗಳನ್ನೂ, ಗೋಪುರದ ಗಾರೆಯ ಬೊಂಬೆಗಳನ್ನೂ ನೋಡುತ್ತ ನಿಂತರೆ ಗಾದೆಯು ಕಣ್ಣನ್ನೇಕೆ ಕೇಳಿತೆಂಬುದು ತಿಳಿಯುತ್ತದೆ. ಅಶೋಕನ ಶಾಸನಗಳಲ್ಲಿ ಬರುವ ಸುವರ್ಣಗಿರಿ ಇದೇ ಎಂದು ಕೆಲವು ವಿದ್ವಾಂಸರು, ಅಲ್ಲವೆಂದು ಕೆಲವರು. ಆ ವಾದ ಇನ್ನೂ ಮುಗಿದಿಲ್ಲ. 1915ರಲ್ಲಿ ಅಶೋಕನ ಹೆಸರನ್ನೇ ಹೊತ್ತ ಶಾಸನ ಸಿಕ್ಕ ಮಸ್ಕಿಯೂ ಪಕ್ಕದ ರಾಯಚೂರು ಜಿಲ್ಲೆಯಲ್ಲಿಯೇ ಇದೆ. ಎರಡನೆಯ ದಿನವನ್ನು ಮಿಗಿಸಿಕೊಂಡವರು ಅತ್ತ ಹೋಗಬಹುದು. ಇಲ್ಲವೇ ಗಂಗಾವತಿಯ ಪಶ್ಚಿಮಕ್ಕೆ ಹಿರೇಬೆಣಕಲ್ಲಿನ ಗುಡ್ಡ ಹತ್ತಿ, ಬೃಹತ್ ಶಿಲಾಯುಗದ ನೂರಾರು ಕಲ್ಮನೆಗಳನ್ನು ನೋಡಬಹುದು. ಗುಡ್ಡಕ್ಕೆ ಸೈಕಲ್ಲು ಏರದು, ಕೆಳಗೆ ಬಿಟ್ಟು ನಡೆಯಬೇಕು.

ಆದರೆ ಕನಕಗಿರಿಯಲ್ಲಿ ಊರ ಹೊರಗಿನ ವೆಂಕಟಪತಿ ಬಾವಿಯನ್ನು ಮಾತ್ರ ತಪ್ಪಿಸಬಾರದು. ಬಾವಿಯೆಂಬ ಹೆಸರೇ ಹೊರತು ಅದೊಂದು ಕಲ್ಲಿನ ಅರಮನೆ. ಮೆಟ್ಟಿಲಿಳಿದಂತೆ ಕೆತ್ತನೆಯ ಕಂಬಗಳು ಸುತ್ತಲೂ ನೆರಳು ಹಿಡಿದು ನಿಲ್ಲುತ್ತವೆ. ಸಂಜೆಯ ಬಿಸಿಲು ಓರೆಯಾಗಿ ಒಳಗಿಳಿಯುವ ಹೊತ್ತಿಗೆ ಅಲ್ಲಿರುವುದು ಒಳ್ಳೆಯದು.

ಅಲ್ಲಿಂದ ಗಂಗಾವತಿಗೆ 20 ಕಿಲೋಮೀಟರಿನಷ್ಟು ಡಾಂಬರು ರಸ್ತೆ. ಸುಗ್ಗಿಯಾದರೆ ಬತ್ತದ ಲಾರಿಗಳ ಸಾಲು ತಪ್ಪದು. ಕತ್ತಲಾಗುವ ಮುನ್ನವೇ ಹೊರಡಬೇಕು, ಹಿಂದಿನ ಕೆಂಪು ದೀಪವನ್ನು ಹೊತ್ತಿಸಿಕೊಂಡೇ ಹೊರಡಬೇಕು.