ಮುಳ್ಳುಕಾಲಿನ ಸ್ಪೀಕರ್ ನಮ್ಮ ನೆಲಕ್ಕೆ ಯಾಕೆ?

ಮೈಸೂರಿನ ಹಳೇ ಬಡಾವಣೆಯೊಂದರಲ್ಲಿ ನಾವು ಐದು ಜನ ಬಾಡಿಗೆಗಿರುವ ಮನೆಯ ಕಿಟಕಿ ಪಕ್ಕ ಒಂದು ಮಣೆ ಇದೆ. ಅದರ ಮೇಲೆ ಯಾರೂ ಕೂರಲ್ಲ, ಅದನ್ನು ಯಾರೂ ಸರಿಸಲ್ಲ. ಅದರ ಅಡಿಯಲ್ಲಿ ನಾಲ್ಕು ತೂತುಗಳಿವೆ. ಒಂದು ತೂತಿನಿಂದ ಹೊರಟ ಗೀರು ಮಾತ್ರ ಮಣೆಗೂ ಮುಚ್ಚಲಾಗದೆ ಗೇಣುದ್ದ ಆಚೆ ಬಂದಿದೆ. ಮಾಡಿದ್ದು ನಾವೇ.

ಹೋದ ದಸರಾ ರಜೆಗೆ ಮುಂಚೆ ದುಡ್ಡು ಕೂಡಿಸಿ ಸೆಕೆಂಡ್ ಹ್ಯಾಂಡ್ ಸ್ಪೀಕರ್ ಜೋಡಿ ತಂದೆವು. ಸೊಂಟದೆತ್ತರ, ಒಂದೊಂದೂ 20 ಕೆಜಿ. ಜೊತೆಗೆ ಡಬ್ಬಿಯಲ್ಲಿ ಎಂಟು ಸ್ಪೈಕು. "ಇದನ್ನ ಹಾಕದೆ ಕೇಳಿದ್ರೆ ಬೇಸ್ ಎಲ್ಲಾ ಕಲಸುಮೇಲೋಗರ" ಅಂದ್ರು ಮಾರಿದವರು. ನಂಬಿದೆವು. ಸ್ಪೈಕಿನ ಕೆಳಗೆ ಇಡುವ ಪುಟ್ಟ ಬಿಲ್ಲೆಗಳೂ ಇರುತ್ತವೆ ಅನ್ನೋದು ನಮಗೆ ಗೊತ್ತಿರಲಿಲ್ಲ. ಸೀದಾ ರೆಡ್ ಆಕ್ಸೈಡ್ ನೆಲದ ಮೇಲೆ ನಿಲ್ಲಿಸಿ, ಸ್ವಲ್ಪ ಬಲಕ್ಕೆ ಬರಲಿ ಅಂತ ಎಳೆದೆವು. ಆ ಸದ್ದು ಇನ್ನೂ ಕಿವಿಯಲ್ಲಿದೆ.

ಫಸ್ಟ್ ಇಯರ್ ಲೆಕ್ಕ ಇದು. ಮಾಡೋಕೆ ಎರಡು ನಿಮಿಷ ಸಾಕಿತ್ತು, ಮಾಡಿದ್ದು ತೂತು ಬಿದ್ದ ಮೇಲೆ. 20 ಕೆಜಿ ನಾಲ್ಕು ಕಾಲಿಗೆ ಹಂಚಿದರೆ ಕಾಲಿಗೆ 5 ಕೆಜಿ, ಅಂದರೆ 49 ನ್ಯೂಟನ್. ಸ್ಪೈಕಿನ ತುದಿ 1 ಮಿ.ಮೀ. ಅಗಲ ಅಂತಿಟ್ಟುಕೊಳ್ಳಿ. ಒತ್ತಡ ಸುಮಾರು 62 ಮೆಗಾಪಾಸ್ಕಲ್. ಸಿವಿಲ್‌ನವರ ಎಂ20 ಕಾಂಕ್ರೀಟು ಘನದ ಪರೀಕ್ಷೆಯಲ್ಲಿ ತಡೆದುಕೊಳ್ಳಬೇಕಾದದ್ದೇ 20. ಇನ್ನು 5 ಟನ್ನಿನ ದಸರಾ ಆನೆ ನಾಲ್ಕು ಕಾಲೂರಿ ನಿಂತರೆ, ಪಾದ 40 ಸೆಂ.ಮೀ. ಅಗಲ ಅಂದುಕೊಂಡರೂ, ನೆಲದ ಮೇಲೆ ಬೀಳೋದು ಬರೀ 0.1 ಮೆಗಾಪಾಸ್ಕಲ್. ಅಂದರೆ ಅಜ್ಜಿ ಮನೆಯ ನಡುಮನೆಗೆ ಅಂಬಾರಿ ಆನೆಯನ್ನೇ ಕರೆತಂದು ನಿಲ್ಲಿಸಿದ್ದರೂ ಆ ಜಾಗಕ್ಕೆ ನಮ್ಮ ಸ್ಪೀಕರಿನಷ್ಟು ನೋವಾಗುತ್ತಿರಲಿಲ್ಲ. (ಬಾಗಿಲಿನ ಕಥೆ ಬೇರೆ.)

ಸ್ಪೈಕು ಕೆಟ್ಟ ವಸ್ತು ಅಂತಲ್ಲ. ಅದು ಹುಟ್ಟಿದ ಊರು ಬೇರೆ. ಚಳಿ ದೇಶಗಳ ಮನೆಗಳಲ್ಲಿ ಗೋಡೆಯಿಂದ ಗೋಡೆಗೆ ದಪ್ಪ ಕಾರ್ಪೆಟ್ ಇರುತ್ತೆ. ಅದರ ಮೇಲೆ ಎತ್ತರದ ಸ್ಪೀಕರ್ ಇಟ್ಟರೆ ಓಲಾಡುತ್ತೆ. ಮುಳ್ಳು ಆ ನೂಲನ್ನು ತೂರಿಕೊಂಡು ಹೋಗಿ ಕೆಳಗಿನ ಗಟ್ಟಿ ನೆಲ ಮುಟ್ಟಿದರೆ ಸ್ಪೀಕರ್ ಅಲ್ಲಾಡದೆ ನಿಲ್ಲುತ್ತೆ. ಅಷ್ಟೇ ಅದರ ಕೆಲಸ. ನಮ್ಮಲ್ಲಿ ತೂರೋಕೆ ಏನಿದೆ? ವಿಟ್ರಿಫೈಡ್ ಟೈಲ್ಸು, ಗ್ರಾನೈಟು, ಕಡಪ ಕಲ್ಲು, ಇಲ್ಲಾಂದ್ರೆ ರೆಡ್ ಆಕ್ಸೈಡು. ಎಲ್ಲವೂ ಮೊದಲೇ ಗಟ್ಟಿ.

"ಸ್ಪೈಕು ಕಂಪನವನ್ನು ನೆಲಕ್ಕೆ ಇಳಿಸುತ್ತೆ, ವಾಪಸ್ ಬರೋಕೆ ಬಿಡಲ್ಲ" ಅನ್ನೋ ಮಾತೂ ಚಾಲ್ತಿಯಲ್ಲಿದೆ. ಎಲೆಕ್ಟ್ರಾನಿಕ್ಸ್‌ನ ಡಯೋಡ್ ಬಗ್ಗೆ ಓದಿರೋ ನಾವಾದರೂ ಇದಕ್ಕೆ ತಲೆಯಾಡಿಸಬಾರದು. ಲೋಹದ ಮೊನೆ ಎರಡೂ ಕಡೆಗೆ ಒಂದೇ ಥರ ಕಂಪನ ದಾಟಿಸುತ್ತೆ. ನಾವು ಸ್ಪೈಕು ಹಾಕಿ, ತೆಗೆದು, ಬೆಡ್‌ಶೀಟ್ ಮರೆಯಲ್ಲಿಟ್ಟು ಒಬ್ಬೊಬ್ಬರನ್ನೇ ಕೇಳಿಸಿದೆವು. ಯಾವುದು ಯಾವುದು ಅಂತ ಐವರಲ್ಲಿ ಯಾರಿಗೂ ಹೇಳಲಾಗಲಿಲ್ಲ. ಇದೇನೂ ಪೇಪರ್ ಪಬ್ಲಿಷ್ ಮಾಡೋ ಪ್ರಯೋಗವಲ್ಲ, ಆದರೆ ಒಂದು ನೆಲ ಹಾಳುಮಾಡುವಷ್ಟು ವ್ಯತ್ಯಾಸವಂತೂ ಅಲ್ಲಿರಲಿಲ್ಲ.

ಹಾಗಾದ್ರೆ ಏನು ಹಾಕೋದು? ಕಾರ್ಕ್ ಅಥವಾ ದಪ್ಪ ಫೆಲ್ಟ್ ತುಂಡು. ಸ್ಪೈಕು ಬೇಕೇ ಬೇಕು ಅನ್ನೋ ಹಟವಿದ್ದರೆ ಕೆಳಗೊಂದು ಲೋಹದ ಬಿಲ್ಲೆ, ಅದರಡಿ ಫೆಲ್ಟ್. ಬಿಲ್ಲೆ 25 ಮಿ.ಮೀ. ಅಗಲವಿದ್ದರೆ ಅದೇ 49 ನ್ಯೂಟನ್ ಹರಡಿಕೊಂಡು 0.1 ಮೆಗಾಪಾಸ್ಕಲ್‌ಗೆ ಇಳಿಯುತ್ತೆ, ಮತ್ತೆ ನಮ್ಮ ಆನೆ ಪಾದದ ಲೆಕ್ಕಕ್ಕೇ ಬಂತು. ರಬ್ಬರ್ ಬಗ್ಗೆ ಹುಷಾರು. ಕೆಲವು ರಬ್ಬರಿನಲ್ಲಿರುವ ಎಣ್ಣೆಯಂಥ ಪದಾರ್ಥ ನಿಧಾನಕ್ಕೆ ಹೊರಗಿಳಿದು ಪಾಲಿಶ್ ಮಾಡಿದ ಮರ, ವಿನೈಲ್, ಅಮೃತಶಿಲೆಯಂಥ ಕಡೆ ಕಲೆ ಕೂರಿಸುತ್ತೆ. ಆರು ತಿಂಗಳಾದ ಮೇಲೆ ಎತ್ತಿ ನೋಡಿದಾಗಲೇ ಗೊತ್ತಾಗೋದು. ನಡುವೆ ಫೆಲ್ಟ್ ಇರಲಿ.

ಫೆಲ್ಟ್ ಹಾಕಿದ ಮಾತ್ರಕ್ಕೆ ಎಳೆಯಬಹುದು ಅಂದ್ಕೋಬೇಡಿ. ಮರಳಿನ ಕಣದಲ್ಲಿರೋದು ಕ್ವಾರ್ಟ್ಸ್, ಮೋಸ್ ಅಳತೆಯಲ್ಲಿ ಅದರ ಗಡಸು 7, ಅಮೃತಶಿಲೆಯದು 3. ಚಪ್ಪಲಿಗೆ ಅಂಟಿ ಒಳಗೆ ಬಂದ ಮರಳು ಫೆಲ್ಟಿಗೆ ಸಿಕ್ಕಿಕೊಂಡರೆ ಅದು ಉಪ್ಪುಕಾಗದವೇ. ಗುಡಿಸಿ, ಇಬ್ಬರು ಹಿಡಿದು ಎತ್ತಿ ಇಡಿ. ಹಳೇ ನೆಲಗಳು ಪೂರ್ತಿ ಮಟ್ಟವಾಗಿರಲ್ಲ. ಮೂಲೆ ಒತ್ತಿ ನೋಡಿ, ಅಲ್ಲಾಡುವ ಕಾಲಿಗೆ ಇನ್ನೊಂದು ಪದರ ಕೊಡಿ. ಬೇಸ್ ಸರಿಹೋಗಬೇಕಾದರೆ ಇದು, ಮತ್ತೆ ಗೋಡೆಯಿಂದ ಒಂದಡಿ ಮುಂದೆ ತರೋದು, ಯಾವ ಸ್ಪೈಕಿಗಿಂತಲೂ ಹೆಚ್ಚು ಕೆಲಸ ಮಾಡುತ್ತೆ. ಗಟ್ಟಿ ನೆಲದ ನಿಜವಾದ ತೊಂದರೆ ಪ್ರತಿಧ್ವನಿ. ಖಾಲಿ ರೂಮಲ್ಲಿ ಚಪ್ಪಾಳೆ ಹೊಡೆದು ನೋಡಿ, ಗಿರ್ರ್ ಅನ್ನುತ್ತಲ್ಲ, ಅದು. ನಿಮ್ಮ ಮತ್ತು ಸ್ಪೀಕರಿನ ನಡುವೆ ಒಂದು ಜಮಖಾನ ಹಾಸಿ. ತೆಳ್ಳಗಿದ್ದರೆ ಮೇಲಿನ ಸ್ವರಗಳನ್ನಷ್ಟೇ ಹೀರುತ್ತೆ, ಬೇಸಿಗೆ ಏನೂ ಆಗಲ್ಲ. ಆದರೂ ಹಾಡಿನ ಸಾಹಿತ್ಯ ಬಿಡಿಬಿಡಿಯಾಗಿ ಕೇಳಿಸತೊಡಗುತ್ತೆ. ಸ್ಪೈಕಿನಿಂದ ಕೇಳದ ವ್ಯತ್ಯಾಸ ನಮಗೆ ಇಲ್ಲಿ ಮೊದಲ ಹಾಡಿಗೇ ಕೇಳಿತು.

ಗಾರೆ ಕೆಲಸದವರನ್ನು ಕರೆಸಿದ್ದೆವು. ತೂತು ತುಂಬಬಹುದು, ಬಣ್ಣ ಮಾತ್ರ ಕೂಡಲ್ಲ ಅಂದ್ರು. ವರ್ಷಾನುಗಟ್ಟಲೆ ಒರೆಸಿ ಒರೆಸಿ ಬಂದ ಹೊಳಪು ಅದು, ಡಬ್ಬಿಯಲ್ಲಿ ಸಿಗಲ್ಲ. ಅಜ್ಜಿ ಮದುವೆಯಾಗಿ ಬಂದ ವರ್ಷ ಹಾಕಿಸಿದ ನೆಲವಂತೆ. ಕೊಬ್ಬರಿ ಎಣ್ಣೆ ಹಾಕಿ ತಾವೇ ಉಜ್ಜುತ್ತಿದ್ದರಂತೆ. ನಾವು ತಲೆ ತಗ್ಗಿಸಿ ನಿಂತಾಗ ಅವರು ಬೈಯಲಿಲ್ಲ. "ಹೋಗ್ಲಿ ಬಿಡ್ರಪ್ಪ, ಕಾಲಿಗೆ ಚುಚ್ಚೀತು" ಅಂದು ಒಳಗಿಂದ ಈ ಮಣೆ ತಂದು ಮುಚ್ಚಿದರು. ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಒಂದು ರೂಪಾಯಿಯೂ ಹಿಡಿಯಲ್ಲ ಅಂತಲೂ ಹೇಳಿದ್ದಾರೆ. ಹಿಡಿದಿದ್ದರೆ ನಮಗೆ ಸ್ವಲ್ಪ ನಿದ್ದೆ ಬರುತ್ತಿತ್ತು.

ಎಂಟು ಸ್ಪೈಕುಗಳು ಕನ್ನಡ ಸಂಘದ ಬೀರುವಿನಲ್ಲಿವೆ. ದಪ್ಪ ಕಾರ್ಪೆಟ್ ಇರೋ ಮನೆಯವರು ಯಾರಾದರೂ ಇದ್ದರೆ ಬಂದು ಪುಕ್ಕಟೆ ತಗೊಂಡು ಹೋಗಿ. ಟೈಲ್ಸ್ ನೆಲದವರಿಗೆ ಕೊಡಲ್ಲ.